ಅರವತ್ತು ಸಾವಿರದ ಗೇಮಿಂಗ್ ಪಿಸಿ: ಒಂದು ಕೊಟೇಶನ್ ಬಿಚ್ಚಿ ನೋಡಿದಾಗ

2024ರ ಕೊನೆಯ ಪ್ರಕರಣ ಇದು. ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ, ಎರಡನೇ ವರ್ಷ. ಮನೆಯವರು ಒಪ್ಪಿದ ಮೊತ್ತ ಮಾನಿಟರ್ ಸೇರಿ 60,000 ರೂಪಾಯಿ. ಕೀಬೋರ್ಡ್, ಮೌಸ್, ಹೆಡ್‌ಫೋನ್ ಈಗಾಗಲೇ ಇವೆ. ಆಡುವುದು ವ್ಯಾಲರಂಟ್, ಜಿಟಿಎ 5, ಫೋರ್ಜಾ ಹೊರೈಜನ್ 5. ಓದಿಗೆ ಆಟೊಕ್ಯಾಡ್, ಸ್ವಲ್ಪ ಪೈಥಾನ್. ಮನೆಯಲ್ಲಿ ಇನ್ವರ್ಟರ್ ಇದೆ, ಕರೆಂಟ್ ಆಗಾಗ ಹೋಗುತ್ತದೆ, ಕೋಣೆಗೆ ಎಸಿ ಇಲ್ಲ, ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಈ ಕೊನೆಯ ವಿವರಗಳನ್ನು ಪಿಸಿ ಕೊಳ್ಳುವಾಗ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಇಲ್ಲಿ ಎರಡು ಮೂರು ನಿರ್ಧಾರಗಳು ಅವುಗಳ ಮೇಲೆಯೇ ನಿಂತವು.

ಹುಡುಗನ ಕೈಯಲ್ಲಿ ಆಗಲೇ ಒಂದು ಅಂಗಡಿಯ ಕೊಟೇಶನ್ ಇತ್ತು. ಅದರಲ್ಲಿದ್ದದ್ದು ಇಷ್ಟು:

ಐ7 ಪ್ರೊಸೆಸರ್, ಬೋರ್ಡ್ ಸಮೇತ – 11,000
16 ಜಿಬಿ ರ‍್ಯಾಮ್ – 3,000
512 ಜಿಬಿ ಎಸ್‌ಎಸ್‌ಡಿ – 3,500
8 ಜಿಬಿ ಗ್ರಾಫಿಕ್ಸ್ ಕಾರ್ಡ್ – 13,500
500 ವ್ಯಾಟ್ ಎಸ್‌ಎಂಪಿಎಸ್ – 1,500
ಆರ್‌ಜಿಬಿ ಗೇಮಿಂಗ್ ಕ್ಯಾಬಿನೆಟ್ – 5,500
ಆರ್‌ಜಿಬಿ ಫ್ಯಾನ್, ಕೂಲರ್ – 3,500
24 ಇಂಚಿನ ಮಾನಿಟರ್ – 9,500
ಜೋಡಣೆ, ವಿಂಡೋಸ್, ಸಾಫ್ಟ್‌ವೇರ್ – 2,500

ಒಟ್ಟು 53,500. ಮೇಲ್ನೋಟಕ್ಕೆ 6,500 ಉಳಿತಾಯ. ಚೀಟಿಯ ಕೆಳಗೆ ಸಣ್ಣದಾಗಿ ‘ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ’ ಎಂದಿತ್ತು. ಕಂಪ್ಯೂಟರ್ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ಸೇರಿಸಿದರೆ 63,130 ಆಗುತ್ತದೆ. ಬಿಲ್ ಬೇಡ ಎಂದರೆ ವಾರಂಟಿಯ ಆಸೆಯನ್ನೂ ಬಿಡಬೇಕು. ಬಜೆಟ್ ಒಳಗಿದೆ ಎಂದುಕೊಂಡ ಲೆಕ್ಕ ಅಲ್ಲಿಗೇ ತಪ್ಪಿತು.

ಇಡೀ ಚೀಟಿಯಲ್ಲಿ ಒಂದೇ ಒಂದು ಮಾಡೆಲ್ ನಂಬರ್ ಇಲ್ಲ ಎಂಬುದನ್ನೂ ಗಮನಿಸಿ. ಮಾಡೆಲ್ ನಂಬರ್ ಇಲ್ಲದ ಸಾಲಿಗೆ ಬೆಲೆ ಹೋಲಿಸಲು ಬರುವುದಿಲ್ಲ. ಹುಡುಗ ಫೋನ್ ಮಾಡಿ ಒಂದೊಂದಾಗಿ ಕೇಳಿದ ಮೇಲೆ ಚಿತ್ರ ಸ್ಪಷ್ಟವಾಯಿತು.

ಐ7 ಎಂದರೆ ಐ7-3770. 2012ರ ಚಿಪ್, ನಾಲ್ಕು ಕೋರ್, ಎಂಟು ಥ್ರೆಡ್, ಡಿಡಿಆರ್3 ಕಾಲದ್ದು. ಬೋರ್ಡ್ ಎಚ್61, ಹೆಸರಿಲ್ಲದ ಕಂಪನಿಯದು. ಇದರಿಂದ ಕಂಪ್ಯೂಟರ್ ನಡೆಯುವುದೇ ಇಲ್ಲ ಎಂದಲ್ಲ, ಜಿಟಿಎ 5 ಖಂಡಿತ ನಡೆಯುತ್ತದೆ. ತೊಂದರೆ ಬೇರೆ ಕಡೆ ಇದೆ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಚಿಪ್ ಬೇಕು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಆಗಲೇ ಘೋಷಣೆಯಾಗಿತ್ತು. ಅಂಗಡಿಯವರು ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಟ್ಟರೂ ವ್ಯಾಲರಂಟ್ ಸುಮ್ಮನಿರುವುದಿಲ್ಲ. ವಿಂಡೋಸ್ 11ರಲ್ಲಿ ಆಟದಲ್ಲಿ ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ತಂತ್ರಾಂಶ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶದಿಂದ ಮಾತ್ರ ಪಿಸಿ ಶುರುವಾಗುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಜೊತೆಗೆ 2013ರ ಹ್ಯಾಸ್‌ವೆಲ್‌ನಿಂದ ಬಂದ ಎವಿಎಕ್ಸ್2 ಎಂಬ ಆದೇಶಗುಚ್ಛ 3770ರಲ್ಲಿ ಇಲ್ಲ. ಅದನ್ನು ಕಡ್ಡಾಯ ಮಾಡಿರುವ ಹೊಸ ಆಟಗಳು ತೆರೆಯುವುದೇ ಇಲ್ಲ.

‘8 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂಬುದು ಆರ್‌ಎಕ್ಸ್ 580 2048ಎಸ್‌ಪಿ. ಹೆಸರಿನ ಬಾಲ ನೋಡದಿದ್ದರೆ ಮೋಸ ಹೋಗುವ ಜಾಗ ಇದು. ಅಸಲಿ 580ರಲ್ಲಿ 2304 ಶೇಡರ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು) ಇವೆ. ಚೀನಾ ಮಾರುಕಟ್ಟೆಗೆಂದು ಬಂದ ಈ ರೂಪದಲ್ಲಿ ಇರುವುದು 2048, ಅಂದರೆ ಒಳಗೆ ಅದು ಆರ್‌ಎಕ್ಸ್ 570. ಹೆಚ್ಚಿನವು ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದು, ತೊಳೆಸಿಕೊಂಡು, ಹೊಸ ಡಬ್ಬಿ ಸೇರಿದವು. ಕಾರ್ಡ್ ಆಗಲೇ ಕೈಗೆ ಬಂದಿದ್ದರೆ ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದು ಶೇಡರ್ ಸಂಖ್ಯೆ ನೋಡಿ. ಅಸಲಿಯೋ ಅಲ್ಲವೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. 8 ಜಿಬಿ ಎಂಬ ಅಂಕಿ ಮಾತ್ರ ನಿಜ. ಆದರೆ ಮೆಮೊರಿ ಎಷ್ಟಿದ್ದರೂ ಈ ಚಿಪ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕುವ) ಯಂತ್ರಾಂಗ ಇಲ್ಲ, ಮೆಶ್ ಶೇಡರ್ ಎಂಬ ಹೊಸ ಸೌಲಭ್ಯವೂ ಇಲ್ಲ. 2024ರಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಯಂತ್ರಾಂಗ ಕನಿಷ್ಠ ಅಗತ್ಯ, ಹಾಗಾಗಿ ಈ ಕಾರ್ಡ್‌ಗೆ ಅದು ಎಟುಕುವುದಿಲ್ಲ.

ಇನ್ನು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್‌ಗೆ ವಿದ್ಯುತ್ ಪೂರೈಸುವ ಡಬ್ಬಿ. ಅಂಗಡಿಯವರು ಅದರ ಲೇಬಲ್ ಫೋಟೊ ಕಳಿಸಿದ್ದರು. ದೊಡ್ಡದಾಗಿ 500 ವ್ಯಾಟ್, ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್ ಕಾಲಂ ಕೆಳಗೆ 16 ಆಂಪಿಯರ್. 12 ಗುಣಿಸು 16, ಅಂದರೆ 192 ವ್ಯಾಟ್. ಈಗಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು ಹೆಚ್ಚುಕಡಿಮೆ 12 ವೋಲ್ಟ್ ಸಾಲಿನಿಂದಲೇ. 3770ಕ್ಕೆ 77 ವ್ಯಾಟ್, ಕಾರ್ಡ್‌ಗೆ ಸುಮಾರು 150, ಆಗಲೇ 227 ಆಯಿತು. ಫ್ಯಾನ್‌ಗಳನ್ನು ಇನ್ನೂ ಎಣಿಸಿಲ್ಲ. ಉಳಿದ ವ್ಯಾಟ್‌ಗಳೆಲ್ಲ 5 ವೋಲ್ಟ್, 3.3 ವೋಲ್ಟ್ ಸಾಲುಗಳನ್ನು ಕೂಡಿಸಿ ತೋರಿಸಿದ ಲೆಕ್ಕ. ಇಂಥ ಪಿಸಿ ಡೆಸ್ಕ್‌ಟಾಪ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಆಟ ಶುರುವಾಗಿ ಐದು ನಿಮಿಷಕ್ಕೆ ರೀಸ್ಟಾರ್ಟ್ ಆಗುತ್ತದೆ. ಜನ ವಿಂಡೋಸ್ ಮರುಹಾಕುತ್ತಾರೆ, ರ‍್ಯಾಮ್ ಉಜ್ಜುತ್ತಾರೆ. ದೋಷ ಇರುವುದು ಆ ಒಂದೂವರೆ ಸಾವಿರದ ಡಬ್ಬಿಯಲ್ಲಿ. ಕಾರ್ಡ್‌ಗೆ ಬೇಕಾದ ಪಿನ್ ಇಲ್ಲವೆಂದು ಮೊಲೆಕ್ಸ್ ಎಂಬ ಹಳೇ ನಾಲ್ಕು ಪಿನ್ ಕನೆಕ್ಟರ್‌ನಿಂದ ಅಡಾಪ್ಟರ್ ಎಳೆದಿದ್ದರೆ, ಕನೆಕ್ಟರ್ ಕರಗಿದ ವಾಸನೆಯೂ ಬರಬಹುದು.

ಆರ್‌ಜಿಬಿ ಕ್ಯಾಬಿನೆಟ್, ಫ್ಯಾನ್, ಕೂಲರ್ ಮೂರಕ್ಕೂ ಸೇರಿ 9,000. ಎಸ್‌ಎಂಪಿಎಸ್‌ಗೆ 1,500. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಕೊಟೇಶನ್ ಯಾರ ಅನುಕೂಲಕ್ಕೆ ಬರೆದದ್ದು ಎಂದು ಗೊತ್ತಾಗುತ್ತದೆ.

ಹೊಸ ಪಟ್ಟಿ ಕಟ್ಟಿದ್ದು ಗ್ರಾಫಿಕ್ಸ್ ಕಾರ್ಡ್‌ನಿಂದ

1080ಪಿ ಮಾನಿಟರ್‌ನಲ್ಲಿ ಆಡುವವರಿಗೆ ಆಗ 19,000 ರೂಪಾಯಿಯ ಆಸುಪಾಸಿನಲ್ಲಿ ಹೊಸದಾಗಿ, ಮೂರು ವರ್ಷದ ವಾರಂಟಿಯೊಂದಿಗೆ ಸಿಗುತ್ತಿದ್ದ ಕಾರ್ಡ್ ಆರ್‌ಎಕ್ಸ್ 6600. 8 ಜಿಬಿ ಜಿಡಿಡಿಆರ್6, ವಿದ್ಯುತ್ ಬಳಕೆ 132 ವ್ಯಾಟ್, ಒಂದೇ 8 ಪಿನ್ ಕೇಬಲ್ ಸಾಕು. ಇದೇ ದರದ ಆಚೀಚೆ ಆರ್‌ಟಿಎಕ್ಸ್ 3050 ಕೂಡ ಇತ್ತು. ಆದರೆ ಆ ಹೆಸರಿನಲ್ಲಿ ಎರಡು ಬೇರೆ ಕಾರ್ಡ್‌ಗಳಿವೆ: 2022ರ 8 ಜಿಬಿ ಮತ್ತು 2024ರ 6 ಜಿಬಿ. ಎರಡನೆಯದರಲ್ಲಿ ಕೋರ್‌ಗಳೂ ಕಡಿಮೆ, ಮೆಮೊರಿ ಬಸ್ಸೂ 96 ಬಿಟ್‌ಗೆ ಇಳಿದಿದೆ. 70 ವ್ಯಾಟ್‌ನಲ್ಲಿ, ಬೇರೆ ಕೇಬಲ್ ಇಲ್ಲದೆ ನಡೆಯುವುದು ಅದರ ಒಳ್ಳೆಯ ಗುಣ. ಹಳೇ ಆಫೀಸ್ ಪಿಸಿಗೆ ಹಾಕಲು ಅದು ಸರಿ, ಹೊಸ ಗೇಮಿಂಗ್ ಪಿಸಿಗೆ ಅಲ್ಲ. 8 ಜಿಬಿಯ 3050 ಕೂಡ ಬರಿಯ ಫ್ರೇಮ್ ಲೆಕ್ಕದಲ್ಲಿ 6600ಕ್ಕಿಂತ ಹಿಂದೆ. ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ ಡಿಎಲ್‌ಎಸ್‌ಎಸ್‌ಗಾಗಿ ಆ ವ್ಯತ್ಯಾಸ ನುಂಗಿಕೊಳ್ಳುವುದು ಈ ಮೂರು ಆಟಗಳ ಹುಡುಗನಿಗೆ ಅರ್ಥವಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗ, ಆದರೆ 4 ಜಿಬಿ ಮೆಮೊರಿ, ನಾಲ್ಕೇ ಪಿಸಿಐಇ ಲೇನ್ (ಕಾರ್ಡ್ ಮತ್ತು ಬೋರ್ಡ್ ನಡುವಿನ ಡೇಟಾ ದಾರಿ), ವಿಡಿಯೊ ಎನ್‌ಕೋಡರ್ ಇಲ್ಲ. ಅದನ್ನು ಹಿಂದಿನ ತಲೆಮಾರಿನ, ನಿಧಾನದ ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಇನ್ನೂ ಕುಂಟುತ್ತದೆ.

ಪ್ರೊಸೆಸರ್ ಆಯ್ಕೆಯಲ್ಲಿ ನಿಜವಾದ ಜಗ್ಗಾಟ ನಡೆಯಿತು. ರೈಜೆನ್ 5 5600 ಮತ್ತು ಕೋರ್ ಐ5-12400ಎಫ್ ಎರಡೂ ಆರು ಕೋರ್, ಹನ್ನೆರಡು ಥ್ರೆಡ್, ಎರಡೂ ಹನ್ನೊಂದು ಸಾವಿರದ ಆಸುಪಾಸು. ಆಟದಲ್ಲಿ ಎರಡರ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. 12400ಎಫ್ ಪರವಾಗಿ ಒಂದು ಗಟ್ಟಿ ವಾದ ಇದೆ. ಆರ್‌ಎಕ್ಸ್ 6600 ಬಳಸುವುದು ಎಂಟೇ ಲೇನ್. ಇಂಟೆಲ್‌ನ ಅಗ್ಗದ ಎಚ್610 ಬೋರ್ಡ್‌ನಲ್ಲೂ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 4.0, ಎಎಂಡಿಯ ಬಿ450ರಲ್ಲಿ 3.0. ಕಾರ್ಡ್‌ನ 8 ಜಿಬಿ ತುಂಬಿ ಹೊರಚೆಲ್ಲುವ ಆಟಗಳಲ್ಲಿ ಇದು ತಟ್ಟುತ್ತದೆ, ಉಳಿದವುಗಳಲ್ಲಿ ಬಹುತೇಕ ಇಲ್ಲ. ಇಲ್ಲಿ ತೀರ್ಮಾನ ಮಾಡಿದ್ದು ರಾಯಚೂರಿನ ಬಿಸಿಲು. 5600 ಗರಿಷ್ಠ 76 ವ್ಯಾಟ್‌ಗೆ ನಿಲ್ಲುತ್ತದೆ, 12400ಎಫ್ ಟರ್ಬೊದಲ್ಲಿ 117 ವ್ಯಾಟ್ ತನಕ ಹೋಗುತ್ತದೆ. ಎರಡಕ್ಕೂ ಡಬ್ಬಿಯಲ್ಲಿ ಬರುವ ಪುಟ್ಟ ಕೂಲರೇ ಗತಿ. ಧಗೆಯ ಕೋಣೆಯಲ್ಲಿ ಕಡಿಮೆ ವ್ಯಾಟ್ ಗೆದ್ದಿತು. ಎಸಿ ಇರುವ ಕೋಣೆಯಾಗಿದ್ದರೆ ಅಂದು ಯಾವುದು ಅಗ್ಗವೋ ಅದನ್ನೇ ತರಬಹುದಿತ್ತು.

ರೈಜೆನ್ 5 5500 ತಂದಿದ್ದರೆ ಮೂರು ಸಾವಿರದಷ್ಟು ಉಳಿಯುತ್ತಿತ್ತು. ಹೆಸರಿನಲ್ಲಿ 100ರ ವ್ಯತ್ಯಾಸ ಕಂಡರೂ ಅದು ಬೇರೆ ಚಿಪ್: ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 32 ಎಂಬಿಯ ಬದಲು 16, ಪಿಸಿಐಇ 3.0 ಮಾತ್ರ. ವ್ಯಾಲರಂಟ್‌ನಂಥ ಆಟ ಗ್ರಾಫಿಕ್ಸ್ ಕಾರ್ಡ್‌ಗಿಂತ ಪ್ರೊಸೆಸರ್ ಮತ್ತು ಕ್ಯಾಶ್ ಮೇಲೆ ನಿಂತಿರುವುದರಿಂದ ಇಲ್ಲಿ ಉಳಿಸಲಿಲ್ಲ. ಎಎಂಡಿಯ ಹೊಸ ಸಾಕೆಟ್ ಎಎಂ5 ತೆಗೆದುಕೊಳ್ಳಿ, ಮುಂದೆ ಅಪ್‌ಗ್ರೇಡ್ ಮಾಡಬಹುದು ಎಂಬ ಸಲಹೆಯೂ ಬಂದಿತ್ತು. ಬೋರ್ಡ್ ಮತ್ತು ಡಿಡಿಆರ್5 ಸೇರಿ ಹೆಚ್ಚಾಗುವ ಹಣ ಕೊನೆಗೆ ಗ್ರಾಫಿಕ್ಸ್ ಕಾರ್ಡ್‌ನಿಂದಲೇ ಕಿತ್ತುಕೊಳ್ಳಬೇಕು. ಮೂರು ವರ್ಷದ ನಂತರದ ಅಪ್‌ಗ್ರೇಡ್‌ಗಾಗಿ ಇವತ್ತಿನ ಆಟ ಕೆಡಿಸಿಕೊಳ್ಳುವುದು ಈ ಬಜೆಟ್‌ಗೆ ಹೊಂದುವ ಮಾತಲ್ಲ.

ಬೋರ್ಡ್ ಬಿ450ಎಂ, ಸುಮಾರು 6,000. ಬಿ550ಎಂ ಆದರೆ ಪಿಸಿಐಇ 4.0 ಸಿಗುತ್ತದೆ, ಆಗ ಎರಡೂವರೆ ಸಾವಿರ ಜಾಸ್ತಿ. ಬಜೆಟ್ ಇದ್ದರೆ ತೆಗೆದುಕೊಳ್ಳಿ, ಇಲ್ಲಿ ಇರಲಿಲ್ಲ. ಬಿ450 ಕೊಳ್ಳುವಾಗ ನೋಡಲೇಬೇಕಾದ್ದು ಡಬ್ಬಿಯ ಮೇಲೆ ‘ರೈಜೆನ್ 5000 ರೆಡಿ’ ಎಂಬ ಸ್ಟಿಕರ್. ಹಳೇ ಸ್ಟಾಕ್ ಆಗಿ ಹಳೇ ಬಯೋಸ್ (ಬೋರ್ಡ್‌ನ ಮೂಲ ತಂತ್ರಾಂಶ) ಇದ್ದರೆ 5600ನ್ನು ಅದು ಗುರುತಿಸುವುದಿಲ್ಲ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಅಪ್‌ಡೇಟ್ ಮಾಡಲು ಇನ್ನೊಂದು ಹಳೇ ರೈಜೆನ್ ಬೇಕು, ಅಥವಾ ಪ್ರೊಸೆಸರ್ ಇಲ್ಲದೆಯೂ ಬಯೋಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಬಟನ್ ಬೋರ್ಡ್‌ನಲ್ಲೇ ಇರಬೇಕು. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬರುವುದು ಎಲ್ಲಕ್ಕಿಂತ ಸುಲಭ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದರೆ ಆ ಸೌಲಭ್ಯ ಇಲ್ಲ.

ರ‍್ಯಾಮ್ 8 ಜಿಬಿಯ ಎರಡು ಕಡ್ಡಿ, ಡಿಡಿಆರ್4-3200, ಸಿಎಲ್16, ಒಂದೇ ಕಿಟ್, 3,300. 16 ಜಿಬಿಯ ಒಂದೇ ಕಡ್ಡಿ ಹಾಕಿದರೆ ಸಿಗುವ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 25.6 ಜಿಬಿ, ಎರಡು ಹಾಕಿದರೆ 51.2. ಸರಾಸರಿ ಫ್ರೇಮ್‌ನಲ್ಲಿ ಇದು ಅಷ್ಟಾಗಿ ಕಾಣದಿದ್ದರೂ ಗುಂಡು ಹಾರುವ ಹೊತ್ತಿಗೆ ಸರಿಯಾಗಿ ತಡವರಿಸುವುದು ಇದರಿಂದಲೇ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ, 5,000. 512 ಜಿಬಿ ಸಾಲದು. ಜಿಟಿಎ 5 ಮತ್ತು ಫೋರ್ಜಾ ಎರಡೇ ಸೇರಿ 200 ಜಿಬಿ ದಾಟುತ್ತವೆ. ಎಸ್‌ಎಂಪಿಎಸ್ 550 ವ್ಯಾಟ್, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಮುದ್ರೆ, ಐದು ವರ್ಷದ ವಾರಂಟಿ, 3,800. ಕಾರ್ಡ್‌ಗೆ 132, ಪ್ರೊಸೆಸರ್‌ಗೆ 76, ಉಳಿದದ್ದಕ್ಕೆ 40-50, ಒಟ್ಟು 250-260 ವ್ಯಾಟ್. ಒಳ್ಳೆಯ 450 ವ್ಯಾಟ್‌ನದೂ ಸಾಕಿತ್ತು. ಮುಂದೆ ದೊಡ್ಡ ಕಾರ್ಡ್ ಬರಬಹುದೆಂದು 550. ಮುಂಭಾಗದಲ್ಲಿ ಗಾಜಿನ ಬದಲು ಜಾಲರಿ ಇರುವ, ಮೂರು ಫ್ಯಾನ್ ಕೂಡಿಸಿಯೇ ಬರುವ ಕ್ಯಾಬಿನೆಟ್ 3,000. 24 ಇಂಚಿನ ಐಪಿಎಸ್ 100 ಹರ್ಟ್ಸ್ ಮಾನಿಟರ್ 8,200. ಪ್ರೊಸೆಸರ್ 11,500, ಕಾರ್ಡ್ 19,000 ಸೇರಿ ಒಟ್ಟು 59,800, ಜಿಎಸ್‌ಟಿ ಒಳಗೊಂಡೇ.

ಈ ಬೋರ್ಡ್‌ನಲ್ಲಿ ವೈಫೈ ಇಲ್ಲ. ರೌಟರ್ ಪಕ್ಕದ ಕೋಣೆಯಲ್ಲಿದ್ದರಿಂದ ಲ್ಯಾನ್ ಕೇಬಲ್ ಎಳೆದರು. ಆನ್‌ಲೈನ್ ಆಟಕ್ಕೆ ಅಗ್ಗದ ಯುಎಸ್‌ಬಿ ವೈಫೈಗಿಂತ ಅದೇ ವಾಸಿ.

ಜೋಡಣೆ

5600ರ ಜೊತೆ ಬರುವ ಕೂಲರ್‌ನಲ್ಲಿ ನಾಲ್ಕು ಸ್ಕ್ರೂ ಇವೆ. ಬೋರ್ಡ್‌ನಲ್ಲಿ ಮೊದಲೇ ಕೂರಿಸಿರುವ ಎರಡು ಪ್ಲಾಸ್ಟಿಕ್ ಬ್ರ್ಯಾಕೆಟ್‌ಗಳನ್ನು ಬಿಚ್ಚಿದ ಮೇಲಷ್ಟೇ ಅದು ಕೂರುತ್ತದೆ. ಬಿಚ್ಚುವಾಗ ಬೋರ್ಡ್‌ನ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುತ್ತದೆ, ಒಂದು ಕೈಯಲ್ಲಿ ಹಿಡಿದಿರಬೇಕು. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಎರಡೆರಡು ಸುತ್ತು ಬಿಗಿಯುತ್ತ ಹೋಗಬೇಕು. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ಓರೆಯಾಗಿ ಪೇಸ್ಟ್ ಒಂದೇ ಕಡೆ ಜರುಗುತ್ತದೆ. ಬಿಚ್ಚಿದ ಬ್ರ್ಯಾಕೆಟ್‌ಗಳನ್ನು ಎಸೆಯಬೇಡಿ. ಮುಂದೆ ಟವರ್ ಕೂಲರ್ ಹಾಕುವಾಗ ಬಹಳ ಕಡೆ ಅವೇ ಬೇಕಾಗುತ್ತವೆ. ಆ ಹೊತ್ತಿಗೆ ಇನ್ನೊಂದು ಎಚ್ಚರ: 5600 ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್‌ಗಳು ಪ್ರೊಸೆಸರ್‌ಗೇ ಇರುತ್ತವೆ. ತಣ್ಣಗಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟ್‌ಗೆ ಅಂಟಿ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಪಿಸಿ ಓಡಿಸಿ, ಆರಿಸಿ, ಬೆಚ್ಚಗಿರುವಾಗಲೇ ಎಡಬಲಕ್ಕೆ ತಿರುಚಿ ತೆಗೆಯಬೇಕು.

ರ‍್ಯಾಮ್ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ. ಪ್ರೊಸೆಸರ್‌ನ 8 ಪಿನ್ ಕೇಬಲ್ ಮತ್ತು ಕಾರ್ಡ್‌ನ 8 ಪಿನ್ ಕೇಬಲ್ ನೋಡಲು ಒಂದೇ ಥರ, ಕಚ್ಚು ಬೇರೆ. ಕೂರದಿದ್ದರೆ ಒತ್ತಬಾರದು.

ಎಲ್ಲ ಜೋಡಿಸಿ ಆನ್ ಮಾಡಿದಾಗ ಪರದೆಯಲ್ಲಿ ಏನೂ ಬರಲಿಲ್ಲ. ಎಚ್‌ಡಿಎಂಐ ಕೇಬಲ್ ಬೋರ್ಡ್‌ನ ಕಿಂಡಿಗೆ ಹೋಗಿತ್ತು. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ನ ಆ ಕಿಂಡಿ ಇದ್ದೂ ಇಲ್ಲದಂತೆ. ಕೇಬಲ್ ಕಾರ್ಡ್‌ಗೆ ಬದಲಾದ ಕೂಡಲೇ ಬಯೋಸ್ ಬಂತು. ಅಂಗಡಿಗೆ ‘ಪಿಸಿ ಸತ್ತಿದೆ’ ಎಂದು ವಾಪಸ್ ಬರುವ ಎಷ್ಟೋ ಹೊಸ ಪಿಸಿಗಳ ಕಾಯಿಲೆ ಇದೇ.

ಬಯೋಸ್‌ನಲ್ಲಿ ಮಾಡಿದ್ದು ನಾಲ್ಕು ಕೆಲಸ. ರ‍್ಯಾಮನ್ನು ಅದರ ಪೂರ್ಣ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್. ಅದಿಲ್ಲದೆ 3200ರ ರ‍್ಯಾಮ್ 2400ರಲ್ಲಿ ಓಡುತ್ತಿತ್ತು. ಹೀಗೇ ವರ್ಷಗಟ್ಟಲೆ ಓಡಿಸುವವರೂ ಇದ್ದಾರೆ. ಹಳೇ ಮಾದರಿಯ ಬೂಟ್ ವ್ಯವಸ್ಥೆಯಾದ ಸಿಎಸ್‌ಎಂ ಆಫ್. ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಟಿಪಿಎಂ) ಮತ್ತು ಸೆಕ್ಯೂರ್ ಬೂಟ್ ಆನ್. ಕಾರ್ಡ್‌ನ ಪೂರ್ತಿ ಮೆಮೊರಿ ಪ್ರೊಸೆಸರ್‌ಗೆ ಒಮ್ಮೆಲೇ ಎಟುಕುವಂತೆ ಮಾಡುವ ರೀಸೈಜೆಬಲ್ ಬಾರ್ ಆನ್. ಇವನ್ನೆಲ್ಲ ವಿಂಡೋಸ್ ಹಾಕುವ ಮುಂಚೆಯೇ ಮಾಡಬೇಕು. ಸಿಎಸ್‌ಎಂ ಇಟ್ಟುಕೊಂಡೇ ಎಂಬಿಆರ್ ಎಂಬ ಹಳೇ ವಿಭಜನೆಯ ಡಿಸ್ಕ್ ಮೇಲೆ ವಿಂಡೋಸ್ ಹಾಕಿ, ಆಮೇಲೆ ವ್ಯಾಲರಂಟ್ ಕೇಳಿತೆಂದು ಸಿಎಸ್‌ಎಂ ಆಫ್ ಮಾಡಿದರೆ ಬೂಟ್ ಆಗುವುದೇ ಇಲ್ಲ, ಡಿಸ್ಕನ್ನು ಹೊಸ ಮಾದರಿಗೆ ಬದಲಿಸುವ ಎಂಬಿಆರ್2ಜಿಪಿಟಿ ಹುಡುಕಿಕೊಂಡು ಕೂರಬೇಕಾಗುತ್ತದೆ. ಬಯೋಸ್ 2022ಕ್ಕಿಂತ ಹಳೆಯದಾಗಿದ್ದರೆ ಎಫ್‌ಟಿಪಿಎಂ ಆನ್ ಮಾಡಿದ ಮೇಲೆ ಆಗಾಗ ಒಂದೆರಡು ಸೆಕೆಂಡ್ ಪಿಸಿ ಗಕ್ಕನೆ ನಿಲ್ಲುವ ಹಳೇ ದೋಷ ಎದುರಾಗಬಹುದು. ಬಯೋಸ್ ಒಳಗಿನ ಎಎಂಡಿ ಕೋಡ್ ಆದ ಅಜೀಸಾದ 1.2.0.7 ಆವೃತ್ತಿಯಲ್ಲಿ ಅದು ಸರಿಯಾಗಿದೆ. ವಿಂಡೋಸ್ ಬಂದ ಮೇಲೆ ಮಾನಿಟರ್ 60 ಹರ್ಟ್ಸ್‌ನಲ್ಲೇ ಇತ್ತು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಕೈಯಿಂದಲೇ 100ಕ್ಕೆ ಬದಲಿಸಬೇಕು.

ಕರೆಂಟ್, ಅರ್ಥಿಂಗ್, ಬಿಸಿಲು

ಮೊದಲ ವಾರದಲ್ಲೇ ಎರಡು ದೂರು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ, ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾದಾಗ ಪಿಸಿ ಆರಿಹೋಗುತ್ತದೆ.

ಜುಮ್ ಎನ್ನುವುದು ಎಸ್‌ಎಂಪಿಎಸ್ ದೋಷ ಅಲ್ಲ. ವಿದ್ಯುತ್ ಗದ್ದಲ ಸೋಸಲು ಒಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ ತಲಾ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ ಆದ್ದರಿಂದ ಬರಿ ಜುಮ್. ಆದರೆ ಇದೇ ಸ್ಥಿತಿಯಲ್ಲಿ ಕೇಬಲ್ ಟಿವಿ ಅಥವಾ ಆಂಪ್ಲಿಫೈಯರ್ ವೈರ್ ಸಿಕ್ಕಿಸುವಾಗ ಕಿಂಡಿಗಳು ಸುಟ್ಟ ಉದಾಹರಣೆ ಬೇಕಾದಷ್ಟಿವೆ. ನೋಡಿದಾಗ ಸಾಕೆಟ್‌ನ ಮೂರನೇ ಪಿನ್‌ಗೆ ವೈರೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ವೈರ್ ಎಳೆಸಿದ ಮೇಲೆ ನಿಂತಿತು. ಅರ್ಥ್ ಬದಲು ನ್ಯೂಟ್ರಲ್‌ಗೆ ಜಂಪರ್ ಹಾಕಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ನ್ಯೂಟ್ರಲ್ ಕಡಿದರೆ ಕ್ಯಾಬಿನೆಟ್‌ಗೆ ಪೂರ್ತಿ 230 ವೋಲ್ಟ್ ಬರುತ್ತದೆ, ಒಪ್ಪಬಾರದು.

ಇನ್ವರ್ಟರ್ ವಿಷಯ ಲೆಕ್ಕದ್ದು. ಎಟಿಎಕ್ಸ್ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆದುಕೊಳ್ಳಬೇಕಾದ ಸಮಯ ಸುಮಾರು 16-17 ಮಿಲಿಸೆಕೆಂಡ್. ಮನೆಯ ಇನ್ವರ್ಟರ್ ಮಾಮೂಲಿ ಮೋಡ್‌ನಲ್ಲಿ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಬಹಳಷ್ಟು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಇದರಲ್ಲೂ ಇತ್ತು. ಹಾಕಿದ ಮೇಲೆ ಪಿಸಿ ಆರಲಿಲ್ಲ. ಇನ್ವರ್ಟರ್ ಸೈನ್ ವೇವ್ ಆಗಿದ್ದದ್ದೂ ಒಳ್ಳೆಯದಾಯಿತು. ಸ್ಕ್ವೇರ್ ವೇವ್ ಇನ್ವರ್ಟರ್‌ಗೂ ಆಕ್ಟಿವ್ ಪಿಎಫ್‌ಸಿ (ವಿದ್ಯುತ್ ಎಳೆತವನ್ನು ಹದಗೊಳಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೂ ಆಗಿಬರುವುದಿಲ್ಲ, ಗುಂಯ್‌ಗುಡುತ್ತದೆ ಇಲ್ಲವೇ ಆರಿಹೋಗುತ್ತದೆ.

ಏಪ್ರಿಲ್‌ನಲ್ಲಿ ಪ್ರೊಸೆಸರ್ ತಾಪ ಆಟದ ಹೊತ್ತಿಗೆ 85ರ ಹತ್ತಿರ ಹೋಗತೊಡಗಿತು. 5600ರ ಮಿತಿ 90 ಡಿಗ್ರಿ. ಅಪಾಯ ಇಲ್ಲ, ಆದರೆ ಪುಟ್ಟ ಕೂಲರ್ ಕಿರುಚುತ್ತದೆ. ಬಯೋಸ್‌ನಲ್ಲಿ ಪ್ರೊಸೆಸರ್‌ನ ವಿದ್ಯುತ್ ಮಿತಿ ಇಳಿಸುವ ಇಕೋ ಮೋಡ್ ಹಾಕಿ ಮೊದಲು ನೋಡಲಾಯಿತು, ಆಟದ ಫ್ರೇಮ್‌ಗಳಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ, ಸದ್ದು ಇಳಿಯಿತು. ಆಮೇಲೆ ಸುಮಾರು 1,800ರ ಟವರ್ ಕೂಲರ್ ಬಂತು, ಎತ್ತಿಟ್ಟಿದ್ದ ಬ್ರ್ಯಾಕೆಟ್ ಆಗ ಕೆಲಸಕ್ಕೆ ಬಂದವು. ಜಾಲರಿಗೆ ಧೂಳು ಕಟ್ಟುವುದು ಆ ಕಡೆ ಬೇಗ. ತಿಂಗಳಿಗೊಮ್ಮೆ ಬ್ರಷ್ ಆಡಿಸಿದರೆ ಸಾಕು. ಬ್ಲೋಯರ್ ಹಿಡಿಯುವಾಗ ಫ್ಯಾನ್ ರೆಕ್ಕೆಗಳನ್ನು ಬೆರಳಿನಿಂದ ತಡೆದಿರಬೇಕು.

ಇದೇ ಪಟ್ಟಿಯನ್ನು ಈಗ ಹಿಡಿದುಕೊಂಡು ಹೋದರೆ ಮೊತ್ತ ಕೂಡುವುದಿಲ್ಲ. ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ದರ ಗಗನಕ್ಕೇರಿತು, ಡಿಡಿಆರ್4 ಕೂಡ ಬಿಟ್ಟುಹೋಗಲಿಲ್ಲ, ಎಸ್‌ಎಸ್‌ಡಿಗೂ ಬಿಸಿ ತಟ್ಟಿತು. ಆ ವ್ಯತ್ಯಾಸ ತುಂಬಿಕೊಳ್ಳಲು ಕೈ ಹಾಕಬೇಕಾದ ಕ್ರಮ ಹೀಗೆ: ಮೊದಲು ರ‍್ಯಾಮನ್ನು ಸೆಕೆಂಡ್ ಹ್ಯಾಂಡ್ ತನ್ನಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶದ ಎಲ್ಲ ಸುತ್ತುಗಳೂ ದೋಷವಿಲ್ಲದೆ ಮುಗಿದರೆ ಹೆಚ್ಚು ಭಯವಿಲ್ಲ. ಆಮೇಲೆ 5600ರ ಬದಲು 5500, ನಂತರ 1 ಟಿಬಿಯ ಬದಲು 500 ಜಿಬಿ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೂಡ ಪರವಾಗಿಲ್ಲ, ಪಿನ್‌ಗಳನ್ನು ಬೆಳಕಿಗೆ ಹಿಡಿದು ಸಾಲು ಸಾಲಾಗಿ ನೋಡಿಕೊಂಡರೆ ಆಯಿತು. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಮಾತ್ರ ಹೊಸದೇ ಇರಲಿ. ಯಾವುದನ್ನೇ ತಂದರೂ ಬಿಲ್‌ನಲ್ಲಿ ಪೂರ್ತಿ ಮಾಡೆಲ್ ಹೆಸರಿನ ಪಕ್ಕ ಸೀರಿಯಲ್ ನಂಬರ್ ಬರೆಸಿ, ಅದು ಡಬ್ಬಿಯ ಮೇಲೂ ಭಾಗದ ಮೇಲೂ ಒಂದೇ ಇದೆಯೇ ಎಂದು ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆಯೇ ನೋಡಿಕೊಳ್ಳಿ.